ಪ್ರಶ್ನಾವಳಿ ಕಾಣದ್ದು ಪಾಠದಲ್ಲಿ ಕಂಡಿತು

ಬಿ.ಇಡಿ. ಪ್ರಶಿಕ್ಷಣಾರ್ಥಿಗಳ ಜೀವನ ಕೌಶಲಗಳನ್ನು ಅಳೆಯುವ ಕೆಲಸ ನನ್ನ ಪಾಲಿಗೆ ಬಂದಾಗ, ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಗುರುತಿಸಿದ ಸ್ವ-ಅರಿವು, ಒತ್ತಡ ನಿರ್ವಹಣೆಯಂಥ ಹತ್ತು ಕೌಶಲಗಳನ್ನು ಆಧಾರವಾಗಿಟ್ಟುಕೊಂಡು ಐದು ಅಂಕಗಳ ಮಾಪನದ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದೆ. 'ಕೋಪ ಬಂದಾಗಲೂ ಸಮಾಧಾನದಿಂದ ಮಾತನಾಡುತ್ತೇನೆ' ಎಂಬಂಥ ಹೇಳಿಕೆಗಳಿಗೆ ಬಹುಪಾಲು ಮಂದಿ 'ಸಂಪೂರ್ಣ ಒಪ್ಪುತ್ತೇನೆ' ಎಂದು ಗುರುತು ಹಾಕಿದ್ದರು. ನನಗೆ ಸಂತೋಷವಾಯಿತು. ಶಿಕ್ಷಕರು ಹೇಗಿರಬೇಕೆಂಬುದು ಅವರಿಗೆ ಗೊತ್ತಿದೆ ಎಂಬುದನ್ನಷ್ಟೇ ಆ ಹಾಳೆಗಳು ಹೇಳುತ್ತಿವೆಯೆಂದು ಆಗ ಹೊಳೆಯಲಿಲ್ಲ.

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಿಂದ ಬಿ.ಇಡಿ. ಎರಡು ವರ್ಷಗಳದ್ದಾಗಿ, ಪ್ರಶಿಕ್ಷಣಾರ್ಥಿಗಳು ಶಾಲೆಗಳಲ್ಲಿ ಕಳೆಯುವ ಇಂಟರ್ನ್‌ಶಿಪ್ ಅವಧಿ 20 ವಾರಗಳಿಗೆ ಏರಿತು. ನನ್ನ ತಪ್ಪು ತಿಳಿದದ್ದು ಆ ವಾರಗಳಲ್ಲಿಯೇ. ಒತ್ತಡ ನಿರ್ವಹಣೆಯಲ್ಲಿ ಪೂರ್ಣ ಅಂಕ ಪಡೆದಿದ್ದ ಪ್ರಶಿಕ್ಷಣಾರ್ಥಿಯೊಬ್ಬರು ಎಂಟನೇ ತರಗತಿಗೆ ಗಣಿತ ಕಲಿಸುತ್ತಿದ್ದಾಗ ಹುಡುಗನೊಬ್ಬ, "ಮಿಸ್, ಈ ಲೆಕ್ಕನ ಬೇರೆ ಥರಾನೂ ಮಾಡ್ಬಹುದಲ್ವಾ?" ಎಂದು ಕೇಳಿದ. "ಮೊದಲು ಬೋರ್ಡ್ ಮೇಲಿರೋದನ್ನ ಬರ್ಕೋ" ಎಂದು ಅವರು ಗದರಿದರು. ಪಾಠ ಮುಗಿಯುವವರೆಗೂ ಆ ಹುಡುಗ ತಲೆಯೆತ್ತಲಿಲ್ಲ. ಅದೇ ವಾರ, ಕಡಿಮೆ ಅಂಕ ಬಂದಿದ್ದ ಇನ್ನೊಬ್ಬರು ಲೆಕ್ಕದ ನಡುವೆ ಚಿಹ್ನೆ ತಪ್ಪಿ, ಅರೆಗಳಿಗೆ ಸುಮ್ಮನೆ ನಿಂತು, "ಎಲ್ಲೋ ತಪ್ಪಿದೀನಿ, ಹುಡುಕಿ ಕೊಡ್ತೀರಾ?" ಎಂದು ಮಕ್ಕಳನ್ನೇ ಕೇಳಿದರು. 'ಎಲ್ಲರೆದುರು ತಪ್ಪಾದರೆ ಗಾಬರಿಯಾಗುತ್ತದೆ' ಎಂಬ ಹೇಳಿಕೆಯನ್ನು ಅವರು ಒಪ್ಪಿದ್ದರು. ಅದು ಅವರ ಸ್ವ-ಅರಿವು. ನನ್ನ ಅಂಕಪಟ್ಟಿ ಅದನ್ನು ಕೊರತೆಯೆಂದು ಎಣಿಸಿತ್ತು.

ಮೊದಲಿನವರನ್ನು ನಾನು ದೂರುವುದಿಲ್ಲ. "ಮೇಡಂ, ನೀವು ಹಿಂದಿನ ಬೆಂಚಲ್ಲಿ ಬರೀತಾ ಇದ್ರಿ, ಪಾಠ ಮುಗಿಯೋದಷ್ಟೇ ಮುಖ್ಯ ಅನ್ನಿಸಿಬಿಡ್ತು" ಎಂದು ಸಂಜೆ ಅವರೇ ಬಂದು ಹೇಳಿದರು. ಒತ್ತಡವನ್ನು ಅಳೆಯಲು ಹೋದ ನಾನೇ ಆ ಒತ್ತಡದ ಭಾಗವಾಗಿದ್ದೆ.

ಈಗ ಪ್ರಶ್ನಾವಳಿಯ ಅಂಕವನ್ನು ಆಂತರಿಕ ಅಂಕಗಳಿಗೆ ಸೇರಿಸುವುದಿಲ್ಲ. ಶಾಲೆಯ ಮಾರ್ಗದರ್ಶಕ ಶಿಕ್ಷಕರು ದಿನನಿತ್ಯ ಕಂಡದ್ದನ್ನು, ಪ್ರಶಿಕ್ಷಣಾರ್ಥಿಗಳ ದಿನಚರಿಯನ್ನು ಹಾಗೂ ಪಾಠದ ನಂತರದ ಮಾತುಕತೆಯನ್ನು ಜೊತೆಗಿಟ್ಟು ಓದುತ್ತೇನೆ. ಇಂಟರ್ನ್‌ಶಿಪ್ ಮುಗಿದ ಮೇಲೆ ಅದೇ ಪ್ರಶ್ನಾವಳಿಯನ್ನು ಮತ್ತೆ ಕೊಟ್ಟಾಗ ಹಲವರು ತಮಗೆ ತಾವೇ ಮೊದಲಿಗಿಂತ ಕಡಿಮೆ ಅಂಕ ಕೊಟ್ಟುಕೊಂಡರು. ಮೊದಲಾಗಿದ್ದರೆ ತರಬೇತಿ ಸೋತಿತೆಂದು ಬರೆಯುತ್ತಿದ್ದೆನೇನೋ. ಈ ಬಾರಿ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕಾರಣ ಕೇಳಿದೆ. ಆ ಗಣಿತದ ಪ್ರಶಿಕ್ಷಣಾರ್ಥಿ ಸಮಾಧಾನದ ಹೇಳಿಕೆಗೆ 5ರ ಬದಲು 3 ಎಂದು ಗುರುತು ಹಾಕಿ, ಪಕ್ಕದ ಖಾಲಿ ಜಾಗದಲ್ಲಿ ಆ ಹುಡುಗನ ಹೆಸರು ಬರೆದಿದ್ದರು.