ಹಾಲಿನ ಆಡುಗಳಿಗೆ ಅಡಿಕೆ ಹಾಳೆ: ಜನವರಿಯಿಂದ ಮೇವರೆಗಿನ ಟಿಪ್ಪಣಿ

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಕೊಟ್ಟಿಗೆ. ಕರೆಯುವ ಆಡು 4, ತಲಾ 35 ಕೆಜಿ ಆಸುಪಾಸು. ಒಣಮೇವಿಗೆ ಭತ್ತದ ಹುಲ್ಲು ಕೊಳ್ಳುವ ಬದಲು ಹಾಳೆ, ಅಂದರೆ ಅಡಿಕೆ ಗರಿಯ ಬುಡದ ಅಗಲದ ಪೊರೆ, ಎಷ್ಟರ ಮಟ್ಟಿಗೆ ನಡೆಯುತ್ತದೆ ಅನ್ನುವುದೇ ಪರೀಕ್ಷೆ. ತಟ್ಟೆ ಮಾಡುವವರು ಅಗಲದ ಹಾಳೆ ಒಯ್ದ ಮೇಲೆ ಸೀಳಿದ್ದು, ಗಿಡ್ಡದ್ದು ತೋಟದಲ್ಲೇ ಉಳಿಯುತ್ತದೆ. ತಟ್ಟೆ ಒತ್ತಿ ಕತ್ತರಿಸಿದ ಅಂಚೂ ಮೂಟೆಗಟ್ಟಲೆ ಸಿಗುತ್ತದೆ.

ಜನವರಿ, ಮೊದಲ ವಾರ
ಒಣ ಹಾಳೆಯನ್ನು ಹಾಗೇ ಚಾಫ್ ಕಟ್ಟರ್‌ಗೆ (ಮೇವು ಕತ್ತರಿಸುವ ಯಂತ್ರ) ಕೊಟ್ಟರೆ ಮಡಚಿಕೊಂಡು ರೋಲರ್‌ಗೆ ಸುತ್ತುತ್ತದೆ. ಹದಿನೈದು ನಿಮಿಷ ನೀರಲ್ಲಿ ನೆನೆಸಿ, ಕತ್ತಿಯಲ್ಲಿ ಉದ್ದಕ್ಕೆ ಮೂರು ಬೆರಳಗಲ ಸೀಳಿ, ಆಮೇಲೆ ಅಡ್ಡಕ್ಕೆ 1–2 ಸೆಂ.ಮೀ. ಕತ್ತರಿಸಬೇಕು. ಚೂರು ಇದಕ್ಕಿಂತ ಉದ್ದವಾದರೆ ಆಡು ನಾರನ್ನು ಜಗಿದು ಉಗುಳುತ್ತದೆ.

ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಬಿದ್ದ ಗುರುತು, ಅಂದರೆ ನೀಲಿ ಬಿಳುಪಿನ ಕಲೆ, ಕಂಡ ಹಾಳೆ ಗೊಬ್ಬರದ ಗುಂಡಿಗೆ. ಅದರಲ್ಲಿ ತಾಮ್ರವಿದೆ. ಆಡು ತಾಮ್ರವನ್ನು ಸ್ವಲ್ಪ ತಡೆದೀತು, ಕುರಿ ತಡೆಯದು. ಎರಡೂ ಒಂದೇ ಕೊಟ್ಟಿಗೆಯಲ್ಲಿದ್ದರೆ ಈ ವಿಷಯದಲ್ಲಿ ಸಲಿಗೆ ಬೇಡ.

ಜನವರಿ, ಮೂರನೇ ವಾರ
ಮೊದಲ ದಿನ ಆಡಿಗೆ 50 ಗ್ರಾಂ, ಎರಡು ವಾರದಲ್ಲಿ 300 ಗ್ರಾಂ. ನೆಲದ ಮೇಲೆ ಸುರಿದದ್ದು ತುಳಿತಕ್ಕೆ ಸಿಕ್ಕಿ ಹಾಳು. ತುಳಿದದ್ದನ್ನು ಆಡು ಮೂಸಿಯೂ ನೋಡುವುದಿಲ್ಲ. ಗೋದಲಿಯನ್ನು ಬೆನ್ನಿನ ಎತ್ತರಕ್ಕೆ ಏರಿಸಿದ ಮೇಲೆ ನಷ್ಟ ಕಡಿಮೆ. ಚೂರಿನ ಮೇಲೆ ಹಿಡಿ ತೌಡು ಉದುರಿಸಿ, ಚಿಟಿಕೆ ಉಪ್ಪಿನ ನೀರು ಚಿಮುಕಿಸಿದರೆ ಆರಿಸಿ ಬಿಡುವ ಚಾಳಿಯೂ ತಗ್ಗುತ್ತದೆ.

ಫೆಬ್ರವರಿ
ಹಾಲು ಇಳಿಯಿತು. ಇದು ಆಗಲೇಬೇಕಾದದ್ದು: ಹಾಳೆಯಲ್ಲಿ ನಾರಿದೆ, ಪ್ರೋಟೀನು ತೀರಾ ಕಡಿಮೆ, ಭತ್ತದ ಹುಲ್ಲಿನ ಸಾಲಿಗೇ ಸೇರಿದ್ದು. ಹಾಳೆಯಿಂದ ಹೊಟ್ಟೆ ತುಂಬಿತು ಅಂತ ಹಿಂಡಿ ಕಡಿಮೆ ಮಾಡಿದ್ದೇ ತಪ್ಪು. ಸರಿಪಡಿಸಿದ ಮೇಲೆ ಲೀಟರ್ ಹಾಲು ಕೊಡುವ ಆಡಿಗೆ ದಿನಕ್ಕೆ: ಹಾಳೆ ಚೂರು 300 ಗ್ರಾಂ, ಹುರುಳಿ ಹೊಟ್ಟು 300 ಗ್ರಾಂ, ಹಲಸು ಮತ್ತು ಗ್ಲಿರಿಸಿಡಿಯಾ ಸೊಪ್ಪು 1.5 ಕೆಜಿ, ದಾಣಿ 500 ಗ್ರಾಂ ಎರಡು ಹೊತ್ತಿಗೆ. ನೀರಿನಂಶ ಕಳೆದರೆ ಒಟ್ಟು 1.4 ಕೆಜಿ, ಮೈತೂಕದ ಶೇ. 4. ಗ್ಲಿರಿಸಿಡಿಯಾವನ್ನು ಒಂದು ದಿನ ಬಾಡಿಸಿ ಕೊಟ್ಟರೆ ವಾಸನೆಗೆ ಮುಖ ತಿರುಗಿಸುವುದಿಲ್ಲ.

10 ಕೆಜಿ ದಾಣಿಗೆ ಮೆಕ್ಕೆಜೋಳದ ನುಚ್ಚು 3.5 ಕೆಜಿ, ಅಕ್ಕಿ ತೌಡು 2.5, ಶೇಂಗಾ ಹಿಂಡಿ 2, ತೊಗರಿ ಹೊಟ್ಟು 1.7, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 100 ಗ್ರಾಂ. ತೌಡು ಅಗ್ಗ ಅಂತ ಹೆಚ್ಚಿಸಬೇಡಿ. ಅದರಲ್ಲಿ ರಂಜಕ ಜಾಸ್ತಿ, ಸುಣ್ಣ ಕಡಿಮೆ. ಹೋತಗಳಿಗೆ, ಅದರಲ್ಲೂ ಬೀಜ ಒಡೆದವಕ್ಕೆ, ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ.

ಮಾರ್ಚ್
ತಟ್ಟೆ ಅಂಚಿನ ಒಂದು ಮೂಟೆ ಪೂರ್ತಿ ಹಾಳು. ಹೊರಗೆ ಗರಿಗರಿ, ಮೊಳಕೈವರೆಗೆ ಕೈ ಇಳಿಸಿದರೆ ಬೆಚ್ಚಗೆ, ಮುಗ್ಗಲು ವಾಸನೆ, ಚೂರಿನ ಮಡಿಕೆಯಲ್ಲಿ ಬೂದುಬಣ್ಣದ ಬೂಷ್ಟು. ಒತ್ತುವ ಮುಂಚೆ ನೆನೆಸಿದ ತೇವ ಒಳಗೇ ಉಳಿದಿತ್ತು. ಬೂಷ್ಟು ಹಿಡಿದದ್ದನ್ನು ಒಣಗಿಸಿ ಕೊಡುವುದು ಬೇಡ. ಈಗ ಅಂಗಳದಲ್ಲಿ ಎರಡು ಬಿಸಿಲು ಕಾಣಿಸಿ, ಮುರಿದರೆ ಚಟ್ಟೆಂದರೆ ಮಾತ್ರ ಗೋಣಿಗೆ. ಪ್ಲಾಸ್ಟಿಕ್ ಚೀಲ ಬಿಟ್ಟೆವು. ಶೇಂಗಾ ಹಿಂಡಿಗೂ ಇದೇ ಎಚ್ಚರ. ಅದರ ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ.

ಮೇ
ಹಲಸಿನ ಹಣ್ಣಿನ ಸಿಪ್ಪೆ ಬೇಕಾದಷ್ಟು. ಆಡಿಗೆ ಅರ್ಧ ಕೆಜಿ ಮೀರಬಾರದು, ಅದೂ ಒಣಮೇವು ತಿಂದ ಮೇಲೆ. ಒಂದು ಆಡು ಹಗ್ಗ ಬಿಚ್ಚಿಕೊಂಡು ಕೊಳೆತ ಹಣ್ಣಿನ ರಾಶಿಗೆ ಬಾಯಿ ಹಾಕಿತು. ಮರುದಿನ ಹಿಕ್ಕೆಯ ಬದಲು ಅಂಟು ಸಗಣಿ, ಮೆಲುಕು ಬಂದ್. ಸಕ್ಕರೆಯಂಶ ಹೊಟ್ಟೆಯಲ್ಲಿ ಹುಳಿಯಾದದ್ದು ಕಾರಣ. ದಾಣಿ ನಿಲ್ಲಿಸಿ, ಹೊಟ್ಟು ಮತ್ತು ನೀರು ಮಾತ್ರ ಇಟ್ಟು, ಪಶುವೈದ್ಯರ ಅಳತೆಯಂತೆ ಅಡುಗೆ ಸೋಡಾ ಕುಡಿಸಿದ ಮೇಲೆ ಮೂರನೇ ದಿನ ಮೆಲುಕು ಹಾಕಿತು.

ಮಳೆ ಹಿಡಿಯುವ ಮೊದಲು ನಾಲ್ಕು ಆಡಿಗೆ ನಾಲ್ಕು ತಿಂಗಳ ಚೂರು, ಸುಮಾರು 150 ಕೆಜಿ, ಅಟ್ಟ ಸೇರಬೇಕು. ಈವರೆಗೆ ಅಟ್ಟಕ್ಕೆ ಹೋದದ್ದು 90 ಕೆಜಿ. ಗೋದಲಿಯಲ್ಲಿ ಬಿಟ್ಟ ನಾರು ಕೊಟ್ಟಿಗೆ ಹಾಸಿಗೆ. ಅಷ್ಟರಮಟ್ಟಿಗೆ ಸೊಪ್ಪಿನಬೆಟ್ಟದಿಂದ (ತೋಟಕ್ಕೆ ಸೊಪ್ಪು ತರುವ ಕಾಡು) ತರುವ ದರಗು, ಅಂದರೆ ಒಣಎಲೆ, ಉಳಿಯುತ್ತದೆ.