ಗಟೂನ್ ಲಾಕ್‌ನೊಳಗೆ ಹಡಗು ನುಗ್ಗುವಾಗ

ಲಾಕ್ ಎಂದರೆ ಎರಡು ತುದಿಗೂ ಗೇಟಿರುವ, ನೀರು ಏರಿಸಿ ಇಳಿಸಿ ಹಡಗನ್ನು ಮೇಲೆ ಕೆಳಗೆ ಮಾಡುವ ತೊಟ್ಟಿ. ಪನಾಮಾ ಕಾಲುವೆಯ ಹಳೆಯ ಲಾಕ್‌ಗಳ ಅಗಲ 33.53 ಮೀಟರ್. ಅವುಗಳಲ್ಲಿ ಹಿಡಿಸುವಷ್ಟು ದೊಡ್ಡದಾಗಿ ಕಟ್ಟಿದ 'ಪನಾಮ್ಯಾಕ್ಸ್' ಹಡಗಿನ ಅಗಲ 32.31 ಮೀಟರ್. ಒಂದೊಂದು ಬದಿಗೆ ಉಳಿಯುವುದು ಮೂರು ಗೇಣಿಗೂ ಕಮ್ಮಿ. ಆದರೆ ಅಲ್ಲಿ ಸತಾಯಿಸುವುದು ಗೋಡೆಗಿಂತ ಹೆಚ್ಚಾಗಿ ನೀರು.

ಅಟ್ಲಾಂಟಿಕ್ ಕಡೆಯ, ಮೂರು ಮೆಟ್ಟಿಲಿನ ಗಟೂನ್‌ನಲ್ಲಿ ಕೆಳಗಿನ ಗೇಟು ತೆರೆದ ಕೂಡಲೇ ಭಾರದ ಉಪ್ಪುನೀರು ತಳದಲ್ಲಿ ಒಳಕ್ಕೆ ಜಾರುತ್ತದೆ, ಹಗುರವಾದ ಸಿಹಿನೀರು ಮೇಲಿಂದ ಹೊರಕ್ಕೆ ಹರಿದು ಕಾದಿರುವ ಹಡಗಿನ ಮೂತಿಗೆ ಬಡಿಯುತ್ತದೆ. ಈ ಸೆಳೆತ ತಗ್ಗುವ ಮುನ್ನ ಆತುರಪಟ್ಟರೆ ಮೂತಿ ಓರೆಯಾಗುತ್ತದೆ.

ಮೂತಿ ಒಳಹೊಕ್ಕ ಮೇಲೆ ಹಡಗು ಸಿರಿಂಜಿನೊಳಗಿನ ಪಿಸ್ಟನ್ ಇದ್ದಂತೆ. ಎದುರಿಗೆ ಮುಚ್ಚಿದ ಗೇಟು; ತಳ್ಳಿಸಿಕೊಂಡ ನೀರು ಪಕ್ಕದ ಸಂದಿಯಲ್ಲಿ, ಹಡಗಿನ ಅಡಿಯಲ್ಲಿ ನುಸುಳಿ ಹಿಂದಕ್ಕೆ ಬರಬೇಕು. ಬ್ರೇಕ್ ಹಾಕಿದಂತೆ ವೇಗ ಇಳಿಯುತ್ತದೆ. ಹಾಗೆಂದು ಎಂಜಿನ್ ಏರಿಸಿದರೆ ಪ್ರೊಪೆಲರ್ ಹಿಂಬದಿಯ ಅಡಿಯ ನೀರನ್ನೇ ಎಳೆದುಕೊಂಡು ಹಿಂಭಾಗ ಕುಸಿಯುತ್ತದೆ. ವೇಗ ಇಮ್ಮಡಿಯಾದರೆ ಈ ಕುಸಿತ ಹೆಚ್ಚುಕಮ್ಮಿ ನಾಲ್ಕು ಪಟ್ಟು. ಎಂಜಿನ್ನಿನ ಅತಿ ನಿಧಾನದ ವೇಗ 'ಡೆಡ್ ಸ್ಲೋ'ನಲ್ಲಿ ತೆವಳುವುದೇ ಸರಿ.

ಗೋಡೆಯ ಮೇಲಿನ ಹಳಿಗಳಲ್ಲಿ 'ಮ್ಯೂಲ್' ಎಂಬ ಲೋಕೋಮೋಟಿವ್‌ಗಳು ಜೊತೆಗೆ ಬರುತ್ತವೆ. ದೊಡ್ಡ ಹಡಗಿಗೆ ಎಂಟು, ಒಂದೊಂದಕ್ಕೆ ಎರಡು ತಂತಿಹಗ್ಗ. ಇವೇ ಹಡಗನ್ನು ಎಳೆಯುತ್ತವೆ ಎಂದುಕೊಳ್ಳುವವರು ಬಹಳ. ಹಡಗು ಮುಖ್ಯವಾಗಿ ತನ್ನ ಎಂಜಿನ್‌ನಲ್ಲೇ ಸಾಗುತ್ತದೆ. ಮ್ಯೂಲ್‌ಗಳದು ನಡುಮಧ್ಯೆ ಹಿಡಿದಿಡುವ, ನಿಲ್ಲಿಸುವ ಕೆಲಸ. ಹಡಗಿನ ಮೇಲೆ ನಿಂತು ದಾರಿ ತೋರುವ ಪೈಲಟ್ ರೇಡಿಯೋದಲ್ಲಿ ಹೇಳಿದ್ದು ಕೇಳಿಸಿತು ಎನ್ನಲು ಅವು ಗಂಟೆ ಬಾರಿಸುತ್ತವೆ. ಹಡಗು ತಗ್ಗಿನಲ್ಲಿರುವಾಗ ತಂತಿ ಮೇಲ್ಮುಖವಾಗಿ ಜಗ್ಗುವುದರಿಂದ ಹಡಗಿನ ಅಂಚಿನಲ್ಲಿ ಹಗ್ಗ ಹಾಯುವ, ಬಾಯಿ ತೆರೆದ ಚಾಕ್‌ನಿಂದ ಎಗರಿಬಿಡುತ್ತದೆ. ಅದಕ್ಕೇ ಸುತ್ತಲೂ ಮುಚ್ಚಿದ, ಅಂಡಾಕಾರದ 'ಪನಾಮಾ ಚಾಕ್' ಬೇಕು.

ನೀರು ತುಂಬಲು ಪಂಪ್ ಇಲ್ಲ. 26 ಮೀಟರ್ ಎತ್ತರದ ಗಟೂನ್ ಸರೋವರದ ಕಡೆಯಿಂದ ತನ್ನ ಭಾರಕ್ಕೇ ಇಳಿದು ನೆಲದ ಕಿಂಡಿಗಳಿಂದ ಉಕ್ಕುತ್ತದೆ; ಸುಮಾರು ಎಂಟು ನಿಮಿಷ. ಆಗ ಹಡಗು ಹಿಂದೆಮುಂದೆ ತೊನೆಯುತ್ತದೆ. ಮೇಲೇರಿದಂತೆ ಸಡಿಲವಾಗುವ ತಂತಿಯನ್ನು ಮ್ಯೂಲಿನ ವಿಂಚ್ (ಹಗ್ಗ ಸುತ್ತುವ ಯಂತ್ರ) ಸುತ್ತಿಕೊಳ್ಳುತ್ತಲೇ ಇರಬೇಕು. ತಡವಾದರೆ ಹಡಗು ಗೋಡೆಗೆ ವಾಲುತ್ತದೆ.

2016ರಲ್ಲಿ ತೆರೆದ 55 ಮೀಟರ್ ಅಗಲದ ಲಾಕ್‌ಗಳಲ್ಲಿ ಮ್ಯೂಲ್ ಇಲ್ಲ, ಹಡಗನ್ನು ಎಳೆದು ತಳ್ಳುವ ಪುಟ್ಟ ಬಲಿಷ್ಠ ದೋಣಿಗಳಾದ ಟಗ್‌ಗಳೇ ಎಲ್ಲ. ಅದು ಬೇರೆಯೇ ತಲೆನೋವು.

ಮೂರನೆಯ ಮೆಟ್ಟಿಲು ದಾಟಿ ಹೊರಡುವಾಗ ಎಲ್ಲವೂ ತಿರುವುಮುರುವು. ಹಡಗು ಬಿಟ್ಟ ಜಾಗ ತುಂಬಲು ನೀರು ಪಕ್ಕದಿಂದ ಹಿಂದಕ್ಕೆ ನುಗ್ಗಬೇಕು. ಯಾರೋ ಹಿಂದಿನಿಂದ ಹಿಡಿದೆಳೆದಂತೆ ಹಡಗು ಹೊರಡುವುದೇ ಇಲ್ಲ. ಹಿಂಭಾಗ ಗೇಟು ದಾಟುತ್ತಲೇ ಆ ಹಿಡಿತ ಕಳಚಿ ವೇಗ ಒಮ್ಮೆಗೇ ಏರುತ್ತದೆ. ಎಂಜಿನ್ ಇಳಿಸಬೇಕಾದದ್ದು ಅದಕ್ಕೂ ತುಸು ಮೊದಲೇ.