ಪರದೆಯ ಅಂಚಿನಿಂದ ಬಂದ ಕೈ

ನನ್ನ ಬಳಿ ಇರುವ ನನ್ನದೇ ಅತಿ ಹಳೆಯ ಫೋಟೋದಲ್ಲಿ ನನಗೆ ಒಂಬತ್ತು ತಿಂಗಳು. ಹಳೆ ಬಾಗಲಕೋಟೆಯ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಎತ್ತರದ ಸ್ಟೂಲಿನ ಮೇಲೆ ಮಖಮಲ್ಲಿನ ಬಟ್ಟೆ, ಅದರ ಮೇಲೆ ಕುಂಚಿಗೆ ತೊಟ್ಟು ಕುಳಿತ ನಾನು. ಅಳಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸದ ಮುಖ. ಹಿಂದಿನ ಪರದೆಯಲ್ಲಿ ಬಣ್ಣದಲ್ಲಿ ಬರೆದ ಒಂದು ಸರೋವರ, ಎರಡು ಹಂಸ. ಆ ಪರದೆಯ ಅಂಚಿನಿಂದ ಒಂದು ಕೈ ಬಂದು ನನ್ನ ಅಂಗಿಯನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದಿದೆ. ಕೈಯಲ್ಲಿ ಬಳೆಗಳು. ಫೋಟೋ ಕಪ್ಪು ಬಿಳುಪಿನದು, ಆದರೂ ಬಳೆ ಹಸಿರೆಂದು ನನಗೆ ಗೊತ್ತು. ಅವ್ವ ಬೇರೆ ಬಣ್ಣದ ಬಳೆ ತೊಟ್ಟಿದ್ದನ್ನು ನಾನು ನೋಡಿಯೇ ಇಲ್ಲ.

ಆ ಸ್ಟುಡಿಯೋ ಇದ್ದ ಓಣಿ ಈಗಿಲ್ಲ. ಆಲಮಟ್ಟಿ ಜಲಾಶಯ 519.60 ಮೀಟರಿಗೆ ತುಂಬಿದಾಗ ಹಿನ್ನೀರು ಘಟಪ್ರಭೆಯ ಗುಂಟ ಏರಿ ಬಂದು ಊರಿನ ತಗ್ಗಿನ ಭಾಗಗಳ ಮೇಲೆ ನಿಲ್ಲುತ್ತದೆ. ಓಣಿಯ ಹೆಸರು ಹೇಳಿಕೊಂಡು ಬದುಕಿದ್ದವರೆಲ್ಲ ನವನಗರದ ಸೆಕ್ಟರ್ ನಂಬರುಗಳಿಗೆ ಎದ್ದು ಬಂದೆವು. ‘ಪರದೆಯ ಮೇಲಿದ್ದ ಸರೋವರ ನಿಜವೇ ಆಗಿಹೋಯಿತು’ ಎಂದು ಅಪ್ಪ ಒಮ್ಮೆ ನಕ್ಕಿದ್ದರು. ಅವ್ವ ನಕ್ಕಿರಲಿಲ್ಲ.

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಾನು ಹೊಟ್ಟೆ ಹೊರೆಯುವುದು ಕೂಸುಗಳ ಫೋಟೋ ತೆಗೆದು. ಹುಟ್ಟಿದ ಕೂಸು, ಅಂಬೆಗಾಲಿಡುವ ಕೂಸು, ಅವುಗಳ ಅಕ್ಕ ಅಣ್ಣಂದಿರು, ಒಟ್ಟಾಗಿ ಇಡೀ ಮನೆ. ಲೆಕ್ಕಪತ್ರದ ಕೆಲಸ ಬಿಟ್ಟು ಇದಕ್ಕಿಳಿದಾಗ ಕಾಕಾ ಫೋನಿನಲ್ಲಿ, ‘ಏಳು ಸಮುದ್ರ ದಾಟಿ ಹೋಗಿ ಫೋಟೋ ಸ್ಟುಡಿಯೋ ಇಟ್ಟೆಯಾ? ಅದನ್ನು ನವನಗರದಲ್ಲೇ ಇಡಬಹುದಿತ್ತಲ್ಲ’ ಎಂದರು. ಆಗ ಸಿಟ್ಟು ಬಂದಿತ್ತು. ಈಗ ಅವರ ಮಾತು ಅರ್ಧ ಸರಿ ಅನಿಸುತ್ತದೆ.

ಹಸಿ ಕೂಸಿನ ಫೋಟೋಗಳನ್ನು ಇಲ್ಲಿ ಸಾಮಾನ್ಯವಾಗಿ ಹುಟ್ಟಿದ ಐದನೆಯ ದಿನದಿಂದ ಹದಿನಾಲ್ಕನೆಯ ದಿನದೊಳಗೆ ತೆಗೆಯುತ್ತಾರೆ. ಆ ದಿನಗಳಲ್ಲಿ ಕೂಸು ಗಾಢವಾಗಿ ನಿದ್ರಿಸುತ್ತದೆ, ಹೊಟ್ಟೆಯೊಳಗೆ ಇದ್ದಂತೆಯೇ ಕೈಕಾಲು ಮುದುಡಿಕೊಳ್ಳುತ್ತದೆ. ಅದಾದ ಮೇಲೆ ಕೈಕಾಲು ಚಾಚುವುದನ್ನು ಕಲಿತು ತನ್ನ ಹಕ್ಕು ಚಲಾಯಿಸತೊಡಗುತ್ತದೆ. ಹೊರಗೆ ಎರಡು ಡಿಗ್ರಿ ಇದ್ದರೂ ಹೀಟರ್ ಹಚ್ಚಿ ಕೋಣೆಯನ್ನು 27 ಡಿಗ್ರಿಗೆ ತರಬೇಕು, ಏಕೆಂದರೆ ಬಟ್ಟೆ ಬಿಚ್ಚಿದ ಕೂಸಿಗೆ ಬೇಗ ಚಳಿಯಾಗುತ್ತದೆ. ಬಾಗಲಕೋಟೆಯವರಿಗೆ ಅದು ಮಾಗಿಯ ಮಧ್ಯಾಹ್ನ. ಇಲ್ಲಿನ ಅಪ್ಪಂದಿರು ಬೆವರು ಒರೆಸಿಕೊಳ್ಳುತ್ತ ಹೊರಗೆ ಹೋಗಿ ನಿಲ್ಲುತ್ತಾರೆ. ಜೊತೆಗೆ ಎಡೆಬಿಡದೆ ‘ಶ್‌ಶ್’ ಎನ್ನುವ ಒಂದು ಪುಟ್ಟ ಯಂತ್ರ. ಕೂಸನ್ನು ಬಿಗಿಯಾಗಿ ಸುತ್ತಲು ಮೆತ್ತನೆಯ ಬಟ್ಟೆ. ಮೂರು ಗಂಟೆಯ ಕೆಲಸದಲ್ಲಿ ಎರಡು ಗಂಟೆ ಹಾಲು ಕುಡಿಸುವುದಕ್ಕೆ, ತೇಗಿಸುವುದಕ್ಕೆ, ತಟ್ಟುವುದಕ್ಕೆ ಹೋಗುತ್ತದೆ. ಯಂತ್ರ ಸೋತಾಗ ನಾನು ಜೋಗುಳ ಗುನುಗುತ್ತೇನೆ. ಯಾರ್ಕ್‌ಷೈರಿನ ಕೂಸುಗಳಿಗೂ ಕನ್ನಡ ತಿಳಿಯುತ್ತದೆ ಎಂಬುದು ನನ್ನ ಅನುಭವ.

ಬೆಚ್ಚಗಿನ ಕೋಣೆ, ಮಂದ ಬೆಳಕು, ಸುತ್ತಿದ ಬಟ್ಟೆ, ಪಿಸುದನಿ. ಇದು ಬಾಣಂತಿ ಕೋಣೆಯಲ್ಲದೆ ಮತ್ತೇನು? ನಮ್ಮ ಅಜ್ಜಿಯಂದಿರು ಬಿಡಿಗಾಸಿಲ್ಲದೆ ಮಾಡುತ್ತಿದ್ದುದನ್ನು ನಾನು ಪೌಂಡುಗಳಲ್ಲಿ ಮಾರುತ್ತಿದ್ದೇನೆ.

ನೀವು ಮೊಬೈಲಿನಲ್ಲಿ ಕಂಡಿರಬಹುದಾದ ಒಂದು ಚಿತ್ರವಿದೆ: ಕೂಸು ಎರಡೂ ಮೊಣಕೈ ಊರಿ, ಗಲ್ಲಕ್ಕೆ ಅಂಗೈ ಕೊಟ್ಟು, ತತ್ವಜ್ಞಾನಿಯ ಹಾಗೆ ಕಣ್ಣು ಮುಚ್ಚಿ ಕುಳಿತಿರುತ್ತದೆ. ಇಲ್ಲಿ ಇದನ್ನು ಕಪ್ಪೆ ಭಂಗಿ ಎನ್ನುತ್ತಾರೆ. ದಯವಿಟ್ಟು ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ. ಯಾವ ಹಸಿ ಕೂಸೂ ತನ್ನ ತಲೆಯ ಭಾರವನ್ನು ತಾನೇ ಹೊರಲಾರದು. ಒಂದು ಫೋಟೋದಲ್ಲಿ ಒಬ್ಬರು ಬೆರಳುಗಳಿಂದ ತಲೆ ಹಿಡಿದಿರುತ್ತಾರೆ, ಇನ್ನೊಂದರಲ್ಲಿ ಮಣಿಕಟ್ಟು ಹಿಡಿದಿರುತ್ತಾರೆ. ಆಮೇಲೆ ಎರಡನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ಹಿಡಿದ ಕೈಗಳನ್ನು ಅಳಿಸುತ್ತೇವೆ. ಮೊದಲ ಎರಡು ವರ್ಷ ರಾತ್ರಿ ಹನ್ನೆರಡರ ತನಕ ಕುಳಿತು ನಾನು ಅಳಿಸಿದ್ದು ಕೈಗಳನ್ನೇ. ಉಗುರು, ಉಂಗುರ, ಒಮ್ಮೊಮ್ಮೆ ಆಸ್ಪತ್ರೆಯವರು ಕಟ್ಟಿ ಬಿಚ್ಚಲು ಮರೆತ ಪಟ್ಟಿ.

ಈ ಕೆಲಸ ನನಗೆ ಬೇಸರವಾದದ್ದು ಒಂದು ಭಾನುವಾರ. ಹಳೆಯ ಸಾಮಾನುಗಳ ಸಂತೆಯಲ್ಲಿ ಒಂದು ಪುಟ್ಟ ಹಳೆಯ ಫೋಟೋ ಕೈಗೆ ಸಿಕ್ಕಿತು. ಬಿಳಿ ಗೌನಿನ ಒಂದು ಮಗು, ಅದರ ಹಿಂದೆ ಕುರ್ಚಿಯ ಮೇಲೆ ಯಾರೋ ಕಂಬಳಿ ಹೊದ್ದ ಗುಡ್ಡದಂತಹ ಆಕಾರ. ಮುಖವಿಲ್ಲ. ನೋಡಿದರೆ ಭಯವಾಗುವಂಥದ್ದು. ಆ ಗುಡ್ಡ ಮಗುವಿನ ತಾಯಿ ಎಂದು ಅಂಗಡಿಯವನು ಹೇಳಿದ. 1851ರಲ್ಲಿ ಗಾಜಿನ ತಟ್ಟೆಗೆ ದ್ರಾವಣ ಬಳಿದು ಫೋಟೋ ತೆಗೆಯುವ ಕ್ರಮ ಬಂದ ಮೇಲೂ ಸ್ಟುಡಿಯೋದ ಬೆಳಕಿನಲ್ಲಿ ಹಲವು ಕ್ಷಣ ಅಲುಗಾಡದೆ ಕೂರಬೇಕಿತ್ತು. ಮಗು ಕೂರುತ್ತದೆಯೇ? ಹಾಗಾಗಿ ತಾಯಿಯ ಮೇಲೆ ಬಟ್ಟೆ ಹೊದಿಸಿ ಅವಳನ್ನೇ ಕುರ್ಚಿಯನ್ನಾಗಿ ಮಾಡುತ್ತಿದ್ದರು. ಚಿತ್ರಕ್ಕೆ ರಟ್ಟಿನ ಚೌಕಟ್ಟು ಹಾಕಿದಾಗ ಮಗುವಷ್ಟೇ ಉಳಿದು ಅವಳು ಮರೆಯಾಗುತ್ತಿದ್ದಳು. ಚೌಕಟ್ಟು ಕಳಚಿ ಬಿದ್ದ ಫೋಟೋಗಳಲ್ಲಿ ಈಗ ಮತ್ತೆ ಕಾಣಿಸಿಕೊಂಡಿದ್ದಾಳೆ. ನಾನು ರಾತ್ರಿಯೆಲ್ಲ ಕುಳಿತು ಮಾಡುತ್ತಿದ್ದುದೂ ಇದೇ ಕಂಬಳಿ ಹೊದಿಸುವ ಕೆಲಸ. ಫೋಟೋ ಕೊಂಡು ತಂದೆ. ಅವ್ವನ ಕೈ ಇರುವ ಫೋಟೋದ ಪಕ್ಕದಲ್ಲೇ ಇಟ್ಟಿದ್ದೇನೆ.

ಅಂದಿನಿಂದ ಕೈ ಅಳಿಸುವುದಿಲ್ಲ. ಕಪ್ಪೆ ಭಂಗಿ ಬೇಕೆನ್ನುವವರಿಗೆ ಬೇರೆಯವರ ವಿಳಾಸ ಕೊಡುತ್ತೇನೆ. ಗಿರಾಕಿಗಳು ಕಡಿಮೆಯಾದರು, ಆದರೆ ಬಂದವರು ವರ್ಷ ವರ್ಷವೂ ಬರತೊಡಗಿದರು. ಅದರಲ್ಲಿ ಒಂದು ಜಮಖಂಡಿ ಕಡೆಯ ಮನೆ. ಮೊದಲ ಸಲ ಬಂದಾಗ ಆ ಹುಡುಗಿ ಏಳು ತಿಂಗಳ ಬಸುರಿ. ಕುಬಸದ ಹಸಿರು ಸೀರೆಯನ್ನು ಊರಿನಿಂದ ಕೊರಿಯರ್‌ನಲ್ಲಿ ತರಿಸಿಕೊಂಡಿದ್ದಳು. ಎರಡನೆಯ ಸಲ ಹತ್ತು ದಿನದ ಕೂಸು, ಜೊತೆಗೆ ಬಾಣಂತನಕ್ಕೆಂದು ಬಂದ ಅವಳ ತಾಯಿ. ‘ನನ್ನದೇನು ಫೋಟೋ, ನೀವು ನೀವು ನಿಂತುಕೊಳ್ಳಿ’ ಎಂದು ಆಕೆ ಗೋಡೆಗೆ ಆತುಕೊಂಡರು. ಕೂಸು ಅತ್ತಿತು. ಯಾರ ಬಳಿಯೂ ಸುಮ್ಮನಾಗಲಿಲ್ಲ. ಕೊನೆಗೆ ಆಕೆ ಸೆರಗು ಸಿಕ್ಕಿಸಿಕೊಂಡು ಬಂದು ಹೆಗಲಿಗೆ ಹಾಕಿಕೊಂಡದ್ದೇ ತಡ, ನಿದ್ದೆ. ನಾಲ್ಕು ಗಂಟೆಗೆ ಮೊದಲೇ ಕತ್ತಲಾಗುವ ಡಿಸೆಂಬರ್ ಅದು. ಕಿಟಕಿಯಲ್ಲಿ ಉಳಿದಿದ್ದ ಕೊನೆಯ ಬೂದು ಬೆಳಕು ಆ ಹೆಗಲ ಮೇಲೆ ಬಿದ್ದಿತ್ತು. ಮನೆಯವರು ದೊಡ್ಡದಾಗಿ ಅಚ್ಚು ಹಾಕಿಸಿಕೊಂಡದ್ದು ಆ ಫೋಟೋವನ್ನೇ. ಆರು ತಿಂಗಳಿಗೆ ವೀಸಾ ಮುಗಿಯಿತು. ಮೂರನೆಯ ಸಲ ಅಜ್ಜಿ ಇದ್ದದ್ದು ಅಪ್ಪ ಹಿಡಿದ ಮೊಬೈಲಿನ ಪರದೆಯಲ್ಲಿ. ಅದನ್ನೂ ಚೌಕಟ್ಟಿನೊಳಗೇ ತೆಗೆದುಕೊಂಡೆ. ಕೂಸು ಮೊಬೈಲನ್ನು ಕಚ್ಚಿತು.

ಆ ವಯಸ್ಸು, ಏಳರಿಂದ ಒಂಬತ್ತು ತಿಂಗಳು, ನನಗೆ ಎಲ್ಲಕ್ಕಿಂತ ಇಷ್ಟ. ಕೂರಲು ಬರುತ್ತದೆ, ಎದ್ದು ಓಡಲು ಬರುವುದಿಲ್ಲ. ನಡೆಯಲು ಕಲಿತ ಮೇಲೆ ಹೊಟ್ಟೆಯ ಮೇಲೆ ಮಲಗಿ ಬೆನ್ನಟ್ಟಬೇಕು. ನಿಂತುಕೊಂಡು ತೆಗೆದರೆ ತಲೆ ದೊಡ್ಡದಾಗಿ ಕಾಲು ಮೊಟಕಾಗುತ್ತವೆ, ಎಲ್ಲ ಮಕ್ಕಳೂ ಕುಂಬಳಕಾಯಿಗಳೇ. ಎರಡು ವರ್ಷದವರಿಗೆ ‘ನಗು’ ಎಂದು ಹೇಳಿದಿರೋ ಕೆಟ್ಟಿತು. ಹಲ್ಲುನೋವಿನ ಮುಖ ಮಾಡುತ್ತಾರೆ. ‘ಅಪ್ಪನ ಕಾಲು ನಾರುತ್ತದೆಯೇ, ಮೂಸಿ ನೋಡು’ ಎಂದರೆ ಸಾಕು, ಇಡೀ ಮನೆಯೇ ನಗುತ್ತದೆ. ಊರಿನಲ್ಲಿ ಮೊಬೈಲಿನಿಂದ ತೆಗೆಯುವವರಿಗೂ ಅಷ್ಟೇ ಹೇಳುತ್ತೇನೆ: ಮಂಡಿಯೂರಿ, ಲೈಟು ಆರಿಸಿ ಕಿಟಕಿಯ ಬಳಿ ಬನ್ನಿ, ಲೆನ್ಸು ಒರೆಸಿ. ಮತ್ತೆ, ಅಚ್ಚು ಹಾಕಿಸಿ. ಊರು ಮುಳುಗಿದರೂ ನನ್ನ ಫೋಟೋ ಉಳಿದದ್ದು ಅದು ಕಾಗದದ ಮೇಲಿತ್ತು, ಅವ್ವನ ಟ್ರಂಕಿನಲ್ಲಿತ್ತು ಎಂಬ ಕಾರಣಕ್ಕೆ.

ಕಳೆದ ಮಾಗಿಯಲ್ಲಿ ತಂಗಿಯ ಹೆರಿಗೆಯಾಯಿತು. ಹನ್ನೊಂದು ದಿನದ ಕೂಸನ್ನು ನೋಡಲು ಕ್ಯಾಮೆರಾ ಹೊತ್ತು ನವನಗರಕ್ಕೆ ಹೋದೆ. ಶ್‌ಶ್ ಯಂತ್ರವನ್ನೂ ಒಯ್ದಿದ್ದೆ. ಈಗ ನೆನೆದರೆ ನಾಚಿಕೆ. ‘ತೊಟ್ಟಿಲಿಗೆ ಹಾಕುವ ತನಕ ಫೋಟೋ ಬೇಡ, ದೃಷ್ಟಿಯಾಗುತ್ತದೆ’ ಎಂದು ಆಯಿ ಅಡ್ಡ ಬಂದರು. ಕಣ್ಣಿಗೆ ಕಾಡಿಗೆ ಹಚ್ಚಬೇಡಿ ಎಂದು ವೈದ್ಯರು ಹೇಳಿದ್ದರಂತೆ, ಹಾಗಾಗಿ ಅಂಗಾಲಿಗೊಂದು, ಗಲ್ಲಕ್ಕೊಂದು ಬೊಟ್ಟು ಇಟ್ಟು ರಾಜಿಯಾಯಿತು. ‘ಮುಖ ತೆಗೆಯಬೇಡ, ಉಳಿದದ್ದನ್ನು ತೆಗೆ’ ಎಂದರು. ಇಷ್ಟು ಒಳ್ಳೆಯ ಷರತ್ತನ್ನು ನನಗೆ ಯಾವ ಗಿರಾಕಿಯೂ ಹಾಕಿರಲಿಲ್ಲ.

ಬೆಳಿಗ್ಗೆ ಎರೆಯುವ ಅಜ್ಜಿ ಬಂದರು. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಸೀರೆಯನ್ನು ಮೊಣಕಾಲಿಗೆ ಸರಿಸಿ, ಎರಡೂ ಕಾಲು ನೀಡಿ ಅದರ ನಡುವೆ ಕೂಸನ್ನು ಬೋರಲು ಮಲಗಿಸಿಕೊಂಡರು. ಹಂಡೆಯ ನೀರಿನ ಹಬೆ ಮೇಲೇರಿ ಬೆಳಕಿಂಡಿಯಿಂದ ಇಳಿಯುತ್ತಿದ್ದ ಬಿಸಿಲು ಕೋಲುಗಳಾಗಿ ನಿಂತಿತು. ಲೀಡ್ಸ್‌ನಲ್ಲಿ ಇಂಥ ಬೆಳಕಿಗಾಗಿ ನಾನು ವರ್ಷಗಟ್ಟಲೆ ಕಾದಿದ್ದೇನೆ. ಅಜ್ಜಿಯ ಕೈ ಕೂಸಿನ ಬೆನ್ನಿಗಿಂತ ಅಗಲ. ಎಣ್ಣೆ, ಕಡಲೆಹಿಟ್ಟು, ಚೊಂಬು ಚೊಂಬು ನೀರು. ಅವ್ವ ಮಗ್ಗುಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೂಸಿನ ತಲೆಗೆ ಅಂಗೈ ಆನಿಸಿದ್ದರು. ಲೆನ್ಸಿಗೆ ಹಬೆ ಕಟ್ಟಿ ಅರ್ಧ ಫೋಟೋಗಳು ಹಾಳಾದವು. ಉಳಿದವು ಸಾಕು. ಮಿಂದ ಕೂಸನ್ನು ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ, ಗುಳೇದಗುಡ್ಡದ ಖಣದ ಕುಂಚಿಗೆ ತೊಡಿಸಿ ಮಲಗಿಸಿದರು. ಯಂತ್ರವಿಲ್ಲ, ಹೀಟರ್ ಇಲ್ಲ, ಮೂರು ತಾಸು ಅಲುಗಾಡದ ನಿದ್ದೆ. ಹೊರಗೆ ಕಾಕಾ ಯಾರಿಗೋ ಹೇಳುತ್ತಿದ್ದರು, ‘ನಮ್ಮ ಹುಡುಗಿ ಇದಕ್ಕೇ ಅಲ್ಲಿ ದುಡ್ಡು ತೆಗೆದುಕೊಳ್ಳುತ್ತಾಳೆ.’

ಲೀಡ್ಸ್‌ಗೆ ಮರಳಿ ಆ ಫೋಟೋಗಳನ್ನು ಅಚ್ಚು ಹಾಕಿಸಿ ಕಳಿಸಿದೆ. ದೊಡ್ಡದರಲ್ಲಿ ಕೂಸಿನ ಮುಖವಿಲ್ಲ. ಹಬೆ, ಬಿಸಿಲು, ಒಂದು ಪುಟ್ಟ ತಲೆ, ಅದರ ಕೆಳಗೆ ಅವ್ವನ ಕೈ. ತಲುಪಿದ ದಿನ ಅವ್ವ ಫೋನ್ ಮಾಡಿದರು.

‘ಅಲ್ಲವ್ವಾ, ನನ್ನ ಕೈ ಯಾಕೆ ಉಳಿಸಿದೆ? ಅದನ್ನು ಅಳಿಸಲು ಬರುತ್ತದೆ ಎಂದು ನೀನೇ ಹೇಳಿದ್ದೆಯಲ್ಲ.’

‘ಇರಲಿ ಎಂದು ಬಿಟ್ಟೆ.’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಮೊದಲೇ ಹೇಳಬಾರದಿತ್ತೇ? ಬಳೆಯಾದರೂ ಹೊಸವು ಇಡಿಸಿಕೊಳ್ಳುತ್ತಿದ್ದೆ’ ಎಂದರು.